ತಕರಾರಿದ್ದವರು ಏಳು ದಿನದೊಳಗೆ

ನಮ್ಮ ಕೆಂಪಾಪುರದ ಲಕ್ಕಣ್ಣ ಕಬಡ್ಡಿ ತಂಡವೊಂದರ ಮಾಲೀಕನಾದದ್ದು ಒಂದು ಲಗ್ನಪತ್ರಿಕೆಯ ದೆಸೆಯಿಂದ.

ಅವನ ಹೆಂಡತಿ ಗಂಗರತ್ನಮ್ಮನ ಕಡೆಯವರ ಮದುವೆ, ಯಲಹಂಕದಲ್ಲಿ. ಪತ್ರಿಕೆಯ ಹಿಂಭಾಗದಲ್ಲಿ ಆಗಮನ ಬಯಸುವ ನೆಂಟರ ಹೆಸರುಗಳು ಸಾಲಾಗಿದ್ದವು. ಈಗಿನ ಪತ್ರಿಕೆಗಳಲ್ಲಿ ಬರೀ ಹೆಸರು ಹಾಕಿದರೆ ಸಾಲದು, ಹೆಸರಿನ ಕೆಳಗೆ ಆ ಮನುಷ್ಯ ಏನು ಎಂಬುದು ಸಣ್ಣ ಅಕ್ಷರದಲ್ಲಿ ಇರಬೇಕು. ಒಬ್ಬರು ಸಮಾಜ ಸೇವಕರು. ಒಬ್ಬರು ಯುವ ಮುಖಂಡರು, ಅವರಿಗೆ ಅರವತ್ತೆರಡು ವರ್ಷ. ಗಂಗರತ್ನಮ್ಮನ ತಮ್ಮ ಬಾಲರಾಜು ವಿದ್ಯಾರಣ್ಯಪುರದಲ್ಲಿ ಎರಡು ನೀರಿನ ಟ್ಯಾಂಕರ್ ಇಟ್ಟುಕೊಂಡಿದ್ದಾನೆ, ಅವನ ಹೆಸರಿನ ಕೆಳಗೆ 'ಉದ್ಯಮಿಗಳು' ಎಂದಿತ್ತು. ಲಕ್ಕಣ್ಣನ ಹೆಸರಿನ ಕೆಳಗೆ ಮಾತ್ರ ಖಾಲಿ ಬಿಳಿ ಜಾಗ. ಮೂರು ಕಟ್ಟಡ ಬಾಡಿಗೆಗೆ ಬಿಟ್ಟವನು ನಿಜ, ಆದರೆ ಬಾಡಿಗೆ ವಸೂಲಿ ಮಾಡುವವರಿಗೆ ಪತ್ರಿಕೆಯಲ್ಲಿ ಹಾಕುವಂಥ ಹೆಸರನ್ನು ಇನ್ನೂ ಯಾರೂ ಕಂಡುಹಿಡಿದಿಲ್ಲ. ಬೇಲಿ ಇಲ್ಲದ ಖಾಲಿ ಸೈಟನ್ನು ನೋಡುವ ಹಾಗೆ ಅವನು ಆ ಬಿಳಿ ಜಾಗವನ್ನೇ ಎರಡು ದಿನ ನೋಡಿದ.

ನಾನು ಅವನ ಎದುರುಮನೆಯ ಚಿಕ್ಕಮಾರಯ್ಯ. ಓದಿದ್ದು ಮೂರನೇ ಕ್ಲಾಸು. ಊರಿನಲ್ಲಿ ಜಮೀನು ಕೈ ಬದಲಾಯಿಸುವಾಗಲೆಲ್ಲ ಸಾಕ್ಷಿ ಹಾಕಲು ನನ್ನನ್ನು ಕರೆಯುತ್ತಾರೆ, ಯಾವ ಗಡಿಕಲ್ಲು ಎಲ್ಲಿತ್ತು ಎಂಬುದು ನನಗೆ ನೆನಪಿದೆ ಎಂದು. ಈಗ ಕಲ್ಲುಗಳೇ ಇಲ್ಲ, ಆದರೂ ಕರೆಯುತ್ತಾರೆ. ಹಾಗಾಗಿ ಮುಂದೆ ನಡೆದದ್ದಕ್ಕೆಲ್ಲ ನಾನು ಸಾಕ್ಷಿ.

ಆ ಹೊತ್ತಿಗೆ ನಮ್ಮ ಉತ್ತರ ದಿಕ್ಕಿನ ಬಡಾವಣೆಗಳೆಲ್ಲ ಸೇರಿ ಒಂದು ಕಬಡ್ಡಿ ಲೀಗ್ ಹುಟ್ಟುಹಾಕಿದ್ದವು. ಎಂಟು ತಂಡ, ಎಂಟು ಜನ ಮಾಲೀಕರು. 'ತಂಡದ ಮಾಲೀಕರು' ಎಂಬ ಮಾತು ಬಿಳಿ ಜಾಗಕ್ಕೆ ಅಳತೆ ತೆಗೆದು ಹೊಲಿಸಿದಂತೆ ಕೂರುತ್ತದೆ ಎಂದು ಲಕ್ಕಣ್ಣನಿಗೆ ತೋರಿತು. ಅವನು ಏನು ಕೊಳ್ಳುವುದಿದ್ದರೂ ಮೊದಲು ದೇವರ ಮನೆಗೆ ಹೋಗುವವನು. ಅಲ್ಲಿ ದೇವರ ಪಟಗಳ ನಡುವೆ ಗಾಜು ಹಾಕಿಸಿ ಕಟ್ಟಿಸಿದ ಹಳೆಯ ಕಾಗದವೊಂದಿದೆ, ಅವನಪ್ಪ ಮುನಿವೆಂಕಟಯ್ಯನ ಕಾಲದ್ದು. ಐವತ್ತು ವರ್ಷದ ಅರಿಶಿನ ಕುಂಕುಮ ಗಾಜಿನ ಮೇಲೆ ಕೂತು ಒಳಗಿನ ಅಕ್ಷರ ಕಾಣುವುದಿಲ್ಲ. ಯಾರಾದರೂ ಏನದು ಎಂದರೆ, ನಮ್ಮ ಜಮೀನಿನ ಪತ್ರ, ಕೆಂಪೇಗೌಡರ ಕಾಲದಿಂದ ನಮ್ಮದೇ ಎನ್ನುತ್ತಾನೆ. ಹಾಗೆ ಹೇಳುವಾಗ ನನ್ನ ಕಡೆ ನೋಡುವುದಿಲ್ಲ. ಆ ದಿನವೂ ಅದಕ್ಕೆ ಕುಂಕುಮ ಇಟ್ಟು ಹೊರಟ.

ಆಟಗಾರರ ಹರಾಜು ಆರ್.ಟಿ. ನಗರದ ಪಾರ್ಟಿ ಹಾಲ್‌ನಲ್ಲಿ. ನನ್ನನ್ನೂ ಕಾರಿನಲ್ಲಿ ಕೂರಿಸಿಕೊಂಡು ಹೋದ. ಮಿಕ್ಕ ಮಾಲೀಕರು ಯಾರು ಎಷ್ಟು ಪಾಯಿಂಟ್ ತಂದಿದ್ದಾರೆ, ಯಾರ ಮೊಣಕಾಲು ಗಟ್ಟಿ ಎಂದು ವಿಚಾರಿಸುತ್ತಿದ್ದರು. ಲಕ್ಕಣ್ಣ ಪ್ರತಿಯೊಬ್ಬನನ್ನೂ ಕೇಳಿದ್ದು ಒಂದೇ ಮಾತು, ಅಣ್ಣ ತಮ್ಮಂದಿರು ಎಷ್ಟು ಜನ. ಕಂಬದಂಥ ಹುಡುಗನೊಬ್ಬ ನಾಲ್ಕು ಜನ ಅಣ್ಣಂದಿರು, ಇಬ್ಬರು ಅಕ್ಕಂದಿರು ಎಂದ. ಲಕ್ಕಣ್ಣ ನನ್ನ ಕಿವಿಯಲ್ಲಿ, "ಬ್ಯಾಡ ಚಿಕ್ಕಪ್ಪ, ನಾಳೆ ಭಾಗಕ್ಕೆ ಬರ್ತಾರೆ" ಎಂದು ಮುಂದೆ ನಡೆದ.

ಕೊನೆಗೆ ಅವನಿಗೆ ಹಿಡಿಸಿದವನು ಮಣಿಕಂಠ. ಗೊರಗುಂಟೆಪಾಳ್ಯದ ಟೈರ್ ಅಂಗಡಿಯಲ್ಲಿ ಕೆಲಸ. ಅಪ್ಪ ಇಲ್ಲ, ಒಬ್ಬನೇ ಮಗ, ಮೇಲೆ ಕೇಸಿಲ್ಲ, ಸಾಲವಿಲ್ಲ. ಕ್ಲಿಯರ್ ಟೈಟಲ್ ಎಂದು ಲಕ್ಕಣ್ಣ ಕೈ ಎತ್ತಿದ. ಅವನೇ ಆ ಹಾಲ್‌ನಲ್ಲಿದ್ದ ಎಲ್ಲರಿಗಿಂತ ಒಳ್ಳೆಯ ರೈಡರ್ ಎಂಬುದು ಮೈಕಿನಲ್ಲಿ ಹೇಳಿದ ಮೇಲೆ ಲಕ್ಕಣ್ಣನಿಗೆ ತಿಳಿಯಿತು. ಅದನ್ನು ಅವನು ದೊಡ್ಡದು ಮಾಡಲಿಲ್ಲ. ಮೂಲೆ ಸೈಟು ಕೊಂಡವನಿಗೆ ಮುಂದೆ ಮಾವಿನ ಮರವೂ ಇದೆ ಎಂದರೆ ಎಷ್ಟು ಸಂತೋಷವಾಗುತ್ತದೋ ಅಷ್ಟು.

ಲೀಗಿನವರು ಒಂದು ಹಾಳೆ ಕೊಟ್ಟು ಸಹಿ ಹಾಕಿ ಎಂದರು. ಲಕ್ಕಣ್ಣ ಹಾಳೆಯನ್ನು ತಿರುಗಿಸಿ ಹಿಂದೆ ನೋಡಿದ. ಹಿಂದೆ ಏನೂ ಇರಲಿಲ್ಲ.

"ಒಂದೇ ಹಾಳೇಲಿ ಮನುಷ್ಯನ್ನ ತಗೊಳೋದಾ? ಸೈಕಲ್ ತಗೊಂಡ್ರೂ ಇದಕ್ಕಿಂತ ಜಾಸ್ತಿ ಕಾಗದ ಕೊಡ್ತಾರಲ್ರೀ" ಎಂದು, ಹುಡುಗನನ್ನು ಕರೆದುಕೊಂಡು ನೇರವಾಗಿ ಪತ್ರ ಬರೆಯುವ ಮಹೇಂದ್ರನ ಹತ್ತಿರ ಹೋದ.

ಮಹೇಂದ್ರ ಮೂವತ್ತು ವರ್ಷದಿಂದ ಒಂದೇ ಪತ್ರವನ್ನು ಬರೆಯುತ್ತಾ ಬಂದವನು. ಹೆಸರು, ಅಳತೆ, ದಿಕ್ಕು ಬದಲಾಯಿಸುತ್ತಾನೆ, ಉಳಿದದ್ದು ಹಾಗೆಯೇ ಇರುತ್ತದೆ. ಮನುಷ್ಯರದ್ದು ಇದೇ ಮೊದಲು, ಆದರೂ ಆಗಲ್ಲ ಎನ್ನುವ ಮನುಷ್ಯನಲ್ಲ ಅವನು. ನಾಲ್ಕು ಎಲ್ಲೆ ಗೊತ್ತಾಗದೆ ಪತ್ರ ನಿಲ್ಲುವುದಿಲ್ಲ ಎಂದ. ಮರುದಿನ ಲಕ್ಕಣ್ಣನ ಮನೆಯ ಪಡಸಾಲೆಯಲ್ಲಿ ಚಾಪೆ ಹಾಸಿ ಮಣಿಕಂಠನನ್ನು ಮಲಗಿಸಿದರು. ಮಹೇಂದ್ರ ಫೋನಿನಲ್ಲಿ ದಿಕ್ಕು ನೋಡಿ, ತಲೆ ಇನ್ನೂ ಸ್ವಲ್ಪ ಪೂರ್ವಕ್ಕೆ ಎಂದು ಭುಜ ಹಿಡಿದು ಸರಿಸಿದ. ಒಳಗಿನಿಂದ ಬಂದ ಗಂಗರತ್ನಮ್ಮ ಪಾಪ ಯಾರಿಗೋ ತಲೆ ಸುತ್ತು ಬಂದಿದೆ ಎಂದುಕೊಂಡು ಮುಖಕ್ಕೆ ನೀರು ಚಿಮುಕಿಸಿದಳು. ಹುಡುಗ ಏಳಲಿಲ್ಲ. ಏಳಬೇಡ ಎಂದಿದ್ದರು.

ಸೋಮವಾರದ ದಿನಪತ್ರಿಕೆಯಲ್ಲಿ ಪ್ರಕಟಣೆ ಬಂತು. ಲಕ್ಕಣ್ಣ ನನಗೆ ಓದಿ ಹೇಳಿದ, ನನಗೆ ಇಂದಿಗೂ ಬಾಯಿಗೆ ಬರುತ್ತದೆ.

"ಗೊರಗುಂಟೆಪಾಳ್ಯದ ದಿವಂಗತ ಗೋಪಿ ಎಂಬುವರ ಮಗ ಮಣಿಕಂಠ, ಎತ್ತರ ಆರಡಿ ಒಂದಂಗುಲ. ಚಕ್ಕುಬಂದಿ: ಪೂರ್ವಕ್ಕೆ ತಲೆ, ಪಶ್ಚಿಮಕ್ಕೆ ಪಾದ, ಉತ್ತರಕ್ಕೆ ಬಲಗೈ, ದಕ್ಷಿಣಕ್ಕೆ ಎಡಗೈ. ಇದರ ಮಧ್ಯೆ ಇರುವ ಸ್ವತ್ತನ್ನು ಅದಕ್ಕೆ ಸೇರಿದ ಜಲ, ತರು, ಪಾಷಾಣ, ನಿಧಿ, ನಿಕ್ಷೇಪಗಳ ಸಮೇತ ಕೆಂಪಾಪುರದ ಲಕ್ಕಣ್ಣ ಆದ ನಾನು ಹೊಂದಲು ಒಪ್ಪಿರುತ್ತೇನೆ. ಸದರಿ ಸ್ವತ್ತಿನ ಮೇಲೆ ಯಾರಿಗಾದರೂ ಹಕ್ಕು, ಭಾಗ, ಅಡಮಾನ, ಜೀವನಾಂಶ ಅಥವಾ ಮತ್ತಾವುದೇ ತಕರಾರು ಇದ್ದಲ್ಲಿ ಏಳು ದಿನದೊಳಗೆ ತಿಳಿಸತಕ್ಕದ್ದು. ತಪ್ಪಿದಲ್ಲಿ ಯಾರಿಗೂ ಯಾವ ಹಕ್ಕೂ ಇಲ್ಲವೆಂದು ಭಾವಿಸಲಾಗುವುದು."

ಮಣಿಕಂಠ ನನ್ನ ಪಕ್ಕದಲ್ಲೇ ಕಲ್ಲುಬೆಂಚಿನ ಮೇಲೆ ಕೂತು ಕೇಳಿಸಿಕೊಂಡ. ಮಾತು ಕಡಿಮೆಯ ಹುಡುಗ. ಲಕ್ಕಣ್ಣ ಒಳಗೆ ಹೋದ ಮೇಲೆ ಮೆಲ್ಲಗೆ ಕೇಳಿದ.

"ತಾತ, ಏಳು ದಿನ ಅಂದ್ರೆ ಭಾನುವಾರ ಅಲ್ವಾ? ಭಾನುವಾರ ನಾಲ್ಕು ಗಂಟೆಗೆ ನನಗೆ ಮ್ಯಾಚ್ ಇದೆ."

ವಿಷಯ ಇಷ್ಟು. ದೊಡ್ಡ ಕಾರ್ಖಾನೆಯೊಂದರ ತಂಡಕ್ಕೆ ಆಟಗಾರರನ್ನು ಆರಿಸುವವರು ಆ ಭಾನುವಾರದ ಪಂದ್ಯ ನೋಡಲು ಬರುತ್ತಾರೆ. ಅವರು ಆರಿಸಿದರೆ ಕಾರ್ಖಾನೆಯಲ್ಲಿ ಕಾಯಂ ಕೆಲಸ. ಇಪ್ಪತ್ತೈದು ತುಂಬಿದವರನ್ನು ಅವರು ನೋಡುವುದಿಲ್ಲ. ಮಣಿಕಂಠನಿಗೆ ಮುಂದಿನ ತಿಂಗಳು ಇಪ್ಪತ್ತೈದು. ಈ ಪಂದ್ಯ ತಪ್ಪಿದರೆ ಆಯುಷ್ಯವೆಲ್ಲ ಟೈರು. ತಕರಾರು ಯಾರು ಹಾಕ್ತಾರೆ ಮಗ, ಆ ಪ್ರಕಟಣೆಗಳನ್ನು ಯಾರೂ ಓದುವುದಿಲ್ಲ ಎಂದು ನಾನು ಧೈರ್ಯ ಹೇಳಿದೆ. ಲಕ್ಕಣ್ಣ ತನ್ನ ಜೀವಮಾನದಲ್ಲಿ ಹದಿನೆಂಟು ಪ್ರಕಟಣೆ ಹಾಕಿಸಿದ್ದ, ಒಂದಕ್ಕೂ ಒಂದು ಕಾಗದ ಬಂದಿರಲಿಲ್ಲ.

ಆದರೆ ಆ ಹದಿನೆಂಟರ ಕಾಲದಲ್ಲಿ ನೆಂಟರಿಗೆಲ್ಲ ಸೇರಿ ಒಂದು ವಾಟ್ಸಾಪ್ ಗ್ರೂಪ್ ಇರಲಿಲ್ಲ. ಬಾಲರಾಜು ಪ್ರಕಟಣೆಯ ಫೋಟೋ ತೆಗೆದು, ನಮ್ಮ ಭಾವನವರು ಆಳನ್ನು ಕಲ್ಲು ಮರದ ಸಮೇತ ಕೊಂಡಿದ್ದಾರೆ, ಎಲ್ಲರೂ ಹರಸಿ ಎಂದು ಬರೆದು ಹಾಕಿದ. ಸಂಜೆಯೊಳಗೆ ಅದು ಕೆಂಪಾಪುರ, ಯಲಹಂಕ, ಯಶವಂತಪುರ ಸುತ್ತಿ ಗೊರಗುಂಟೆಪಾಳ್ಯದ ಸಿಗ್ನಲ್ಲಿನ ಹತ್ತಿರ ಹೂ ಮಾರುವ ಸೊಣ್ಣಮ್ಮನ ಕೈಗೆ ಬಂತು.

ಸೊಣ್ಣಮ್ಮ ಮಣಿಕಂಠನ ತಾಯಿ. ಮಂಗಳವಾರ ಬೆಳಗ್ಗೆಯೇ ಹೂವಿನ ಬುಟ್ಟಿ ಸಮೇತ ಬಂದಳು. ಮಗನನ್ನು ಮಾರಿಬಿಟ್ಟರು ಎಂದು ಎದೆ ಬಡಿದುಕೊಳ್ಳುತ್ತಾಳೆ ಎಂದು ನಾವು ಹೆದರಿದ್ದೆವು. ಅವಳ ನೋವು ಬೇರೆ ಇತ್ತು.

"ಅಲ್ಲ ಸ್ವಾಮಿ, ಇಪ್ಪತ್ನಾಕು ವರ್ಸ ಸಾಕ್ದೋಳು ನಾನು. ಆ ಕುಡುಕ ಗಂಡನ ಎಸ್ರು ಪೇಪರ್‌ನಾಗೆ ಬಂದದೆ, ನನ್ ಎಸ್ರಿಲ್ಲ. ಇಂಗೆ ಮಾಡ್ಬೌದಾ?"

ಲಕ್ಕಣ್ಣ ಅವಳಿಗೆ ಕಾಫಿ ತರಿಸಿ, ತಕರಾರನ್ನು ಬರವಣಿಗೆಯಲ್ಲಿ ಕೊಡಬೇಕಮ್ಮ ಎಂದು ವಿನಯದಿಂದ ಹೇಳಿದ. ಅವಳು ಹೆಬ್ಬೆಟ್ಟು ಒತ್ತಿದಳು. ಮಹೇಂದ್ರ ಒಂದು ಫೈಲ್ ತೆರೆದ. ಆ ದಿನ ಲಕ್ಕಣ್ಣನ ನಡಿಗೆಯೇ ಬೇರೆಯಾಗಿತ್ತು. ತಕರಾರು ಇದೆ ಎಂದರೆ ಸ್ವತ್ತಿಗೆ ಬೆಲೆ ಇದೆ, ಬೆಲೆ ಇಲ್ಲದ್ದಕ್ಕೆ ಯಾರು ಬರುತ್ತಾರೆ ಎಂಬುದು ಅವನ ಲೆಕ್ಕ.

ಬುಧವಾರ ಬಂದವರು ವಿರೂಪಾಕ್ಷ ಮೇಷ್ಟ್ರು. ಹುಡುಗನಿಗೆ ಶಾಲೆಯಲ್ಲಿ ಆಟ ಕಲಿಸಿದವರು, ನಿವೃತ್ತರಾಗಿ ಹತ್ತು ವರ್ಷವಾದರೂ ಕೊರಳಲ್ಲಿ ಸೀಟಿ ಬಿಟ್ಟಿರಲಿಲ್ಲ. ಅವರದು ನ್ಯಾಯವಾದ ಬೇಡಿಕೆ. ಆ ಬಲಗಾಲಿನ ಒದೆತವನ್ನು ತಾವು ಮೂರು ವರ್ಷ ಬೆಳಗಿನ ಜಾವ ಎಬ್ಬಿಸಿ ಕಲಿಸಿದ್ದು, ಹಾಗಾಗಿ ಬಲಗಾಲು ಸೊಂಟದಿಂದ ಕೆಳಗೆ ತಮ್ಮದು. "ಎಡಗಾಲು ಅವನ ಸ್ವಯಾರ್ಜಿತ, ಅದರ ತಂಟೆಗೆ ನಾನು ಬರೋದಿಲ್ಲ" ಎಂದು ತಾವಾಗಿಯೇ ಬಿಟ್ಟುಕೊಟ್ಟರು.

ಅವರು ಸಹಿ ಹಾಕುತ್ತಿರುವಾಗಲೇ ರತ್ನಕ್ಕ ಬಂದಳು. ಯಶವಂತಪುರದಲ್ಲಿ ಮೆಸ್ ನಡೆಸುವವಳು, ಹುಡುಗನಿಗೆ ಏಳು ವರ್ಷ ಮುದ್ದೆ ಮೊಟ್ಟೆ ಹಾಕಿದವಳು. ಬಲಗಾಲಿನ ಮಾತು ಕಿವಿಗೆ ಬಿದ್ದದ್ದೇ ಸೆರಗು ಸಿಕ್ಕಿಸಿಕೊಂಡಳು.

"ಏನ್ ಮೇಷ್ಟ್ರೇ, ಕಾಲು ನಿಮ್ದಾ? ನೀವು ಸೀಟಿ ಊದಿದ್ರೆ ಮೂಳೆ ಮೇಲೆ ಮಾಂಸ ಬರ್ತದಾ? ನಿಮ್ದೇನಿದ್ರೂ ಆ ಒದೆಯೋದು ಅಷ್ಟೇ. ತೊಡೆ ನಂದು, ಭುಜ ನಂದು. ಬೇಕಾದ್ರೆ ಒದೆಯೋದನ್ನ ತಗೊಂಡೋಗಿ."

ಒದೆಯುವುದನ್ನು ಮಾತ್ರ ಹೇಗೆ ತೆಗೆದುಕೊಂಡು ಹೋಗುವುದು ಎಂಬ ಪ್ರಶ್ನೆಯ ಮೇಲೆ ಒಂದು ಗಂಟೆ ಚರ್ಚೆ ನಡೆಯಿತು. ಮಹೇಂದ್ರ ಬಲಗಾಲನ್ನು ಇಬ್ಬರ ಹೆಸರಿಗೂ ಜಂಟಿ ಎಂದು ಬರೆದು ಮುಗಿಸಿದ.

ಶುಕ್ರವಾರ ಬಾಲರಾಜು ತಾನೇ ಬಂದ, ಬಿಳಿ ಪ್ಯಾಂಟು ಬಿಳಿ ಷರ್ಟಿನಲ್ಲಿ. ಫೋನಿನಲ್ಲಿ ಒಂದು ಹಳೆಯ ಫೋಟೋ ತೋರಿಸಿದ. ಹದಿನೈದು ವರ್ಷದ ಮಣಿಕಂಠ ಯಾವುದೋ ಪಂದ್ಯದಲ್ಲಿ ಬಾಲರಾಜನ ಟ್ಯಾಂಕರಿನ ಹೆಸರು, ಮೊಬೈಲ್ ನಂಬರು ಇರುವ ಬನಿಯನ್ ಹಾಕಿಕೊಂಡು ನಿಂತಿದ್ದ.

"ನೋಡಿ ಭಾವ, ಆಗ್ಲೇ ನನ್ ಬೋರ್ಡ್ ಇತ್ತು ಇವನ ಮೇಲೆ. ಬೋರ್ಡ್ ಇದ್ಮೇಲೆ ಸ್ವಾಧೀನ ನಂದು ಅಂತ್ಲೇ ಅಲ್ವಾ? ನೀವು ದೊಡ್ಡೋರು, ನಿಮಗ್ ಗೊತ್ತಿಲ್ದೇ ಇರೋದಾ."

ಲಕ್ಕಣ್ಣನ ಮುಖದ ನಗು ಅಲ್ಲಿಗೆ ಹೋಯಿತು. ಮೂರು ಜನರ ತಕರಾರು ಅವನಿಗೆ ಮರ್ಯಾದೆಯಾಗಿತ್ತು, ಭಾವಮೈದುನನದ್ದು ಯುದ್ಧವಾಯಿತು. ಕೂಡಲೇ ಮಹೇಂದ್ರನ ಸಲಹೆ ಕೇಳಿದ. ಮಹೇಂದ್ರ ಪೆನ್ನನ್ನು ಕಿವಿಗೆ ಸಿಕ್ಕಿಸಿಕೊಂಡು, ತಕರಾರು ಇತ್ಯರ್ಥವಾಗುವವರೆಗೆ ಸ್ವತ್ತು ಯಥಾಸ್ಥಿತಿಯಲ್ಲಿ ಇರಬೇಕು, ಯಾರೂ ಅದನ್ನು ಬಳಸುವಂತಿಲ್ಲ, ಬಳಸಿದರೆ ಕೇಸು ಬಿದ್ದುಹೋಗುತ್ತದೆ ಎಂದ.

ಹೀಗೆ ಲೀಗಿನ ಅತ್ಯುತ್ತಮ ರೈಡರ್ ಲಕ್ಕಣ್ಣನ ಮಹಡಿಯ ಮೇಲೆ ನೀರಿನ ಟ್ಯಾಂಕಿನ ಪಕ್ಕದ ರೂಮಿನಲ್ಲಿ ಯಥಾಸ್ಥಿತಿಯಲ್ಲಿ ಕೂತ. ಬೀಗ ಹಾಕಿರಲಿಲ್ಲ. ಓಡಿಹೋಗಬಹುದಿತ್ತು. ಆ ಪತ್ರಕ್ಕೆ ಸಹಿ ಹಾಕಿದ್ದೀನಿ ತಾತ, ಹಾಕಿದ ಮೇಲೆ ಹೆಂಗೆ ಹೋಗೋದು ಎಂದ. ಬೆಳಗ್ಗೆ ಸಂಜೆ ಮಹಡಿಯ ಮೇಲೆ ಉಸಿರು ಕಟ್ಟಿ ಕಬಡ್ಡಿ ಕಬಡ್ಡಿ ಎಂದು ಅಭ್ಯಾಸ ಮಾಡುತ್ತಿದ್ದ. ಕೆಳಗಿನ ಬಾಡಿಗೆಯವರ ಮುದುಕಿಗೆ ಕಿವಿ ಮಂದ. ಮೇಲೆ ಯಾರೋ ಸ್ವಾಮಿಗಳು ಜಪಕ್ಕೆ ಕೂತಿದ್ದಾರೆಂದು ಪ್ರತಿ ಸಲವೂ ಮೆಟ್ಟಿಲ ಮೇಲೆ ಎರಡು ಬಾಳೆಹಣ್ಣು ಇಟ್ಟು ಕೈ ಮುಗಿದು ಹೋಗುತ್ತಿದ್ದಳು.

ಶನಿವಾರದ ಪಂದ್ಯವನ್ನು ತಂಡ ಅವನಿಲ್ಲದೆ ಆಡಿತು. ತಂಡದ ಅಂಗಿಗಳ ಕೆಲಸವನ್ನು ಲಕ್ಕಣ್ಣ ತನ್ನ ಸೈಟುಗಳಿಗೆ ಬೋರ್ಡ್ ಬರೆಯುವವನಿಗೇ ವಹಿಸಿದ್ದ. ಪ್ರತಿಯೊಬ್ಬ ಆಟಗಾರನ ಬೆನ್ನ ಮೇಲೂ 'ಈ ಸ್ವತ್ತು ಲಕ್ಕಣ್ಣನವರಿಗೆ ಸೇರಿದ್ದು, ಅತಿಕ್ರಮ ಪ್ರವೇಶ ನಿಷೇಧಿಸಿದೆ' ಎಂದು ಬರೆದು ಕೆಳಗೆ ಅವನ ಫೋನ್ ನಂಬರು. ನಿಷೇಧವನ್ನು ಎದುರಾಳಿಗಳು ಲೆಕ್ಕಕ್ಕಿಡಲಿಲ್ಲ. ನಲವತ್ತೊಂದಕ್ಕೆ ಹನ್ನೆರಡು. ಲಕ್ಕಣ್ಣನಿಗೆ ಬೇಸರವೇನೂ ಆಗಲಿಲ್ಲ, ಸ್ವತ್ತು ಕೈಯಲ್ಲಿದೆಯಲ್ಲ ಎಂದ.

ಭಾನುವಾರ ಏಳನೇ ದಿನ. ಲಕ್ಕಣ್ಣ ಮನೆಯ ಮುಂದೆ ಶಾಮಿಯಾನ ಹಾಕಿಸಿ, ಕುರ್ಚಿ ತರಿಸಿ ಎಲ್ಲ ತಕರಾರುದಾರರನ್ನೂ ಪಂಚಾಯ್ತಿಗೆ ಕರೆದ. ಹನ್ನೊಂದು ಗಂಟೆಗೆ ಶುರುವಾದದ್ದು ಊಟದ ಹೊತ್ತು ದಾಟಿತು. ಗಂಗರತ್ನಮ್ಮ ಎಲ್ಲರಿಗೂ ಚಿತ್ರಾನ್ನ ಕೊಟ್ಟಳು. ಕೊಡುವಾಗ ಗಂಡನಿಗೆ, ಆ ಹುಡುಗನ್ನ ಒಂದು ಮಾತು ಕೇಳಬಾರದಾ ಎಂದಳು. ಸ್ವತ್ತನ್ನ ಏನಮ್ಮ ಕೇಳೋದು ಎಂದು ಅವನು ತಟ್ಟೆ ತೆಗೆದುಕೊಂಡ.

ಎರಡು ಗಂಟೆಯಾಯಿತು. ತಲೆಯಿಂದ ಕುತ್ತಿಗೆವರೆಗೆ ಸೊಣ್ಣಮ್ಮನಿಗೆ ಎಂದು ತೀರ್ಮಾನವಾಗಿತ್ತು. ಭುಜದ ಮೇಲೆ ಬಾಲರಾಜನ ಬನಿಯನ್ ಇತ್ತೋ, ಬನಿಯನ್ ಒಳಗೆ ರತ್ನಕ್ಕನ ಭುಜ ಇತ್ತೋ ಎಂಬಲ್ಲಿ ಮಾತು ನಿಂತಿತ್ತು. ಆಗ ಮಹಡಿಯ ಮೆಟ್ಟಿಲು ಇಳಿದು ಮಣಿಕಂಠ ಬಂದ. ತಂಡದ ಅಂಗಿ ಹಾಕಿಕೊಂಡಿದ್ದ. ಕೈಯಲ್ಲಿ ಮಡಿಸಿದ ಕಾಗದ. ಅದನ್ನು ಮಹೇಂದ್ರನಿಗೆ ಕೊಟ್ಟು ಕೈ ಕಟ್ಟಿ ನಿಂತ. ಮಹೇಂದ್ರ ಅಭ್ಯಾಸದಂತೆ ಗಟ್ಟಿಯಾಗಿ ಓದತೊಡಗಿದ.

"ಮಾನ್ಯರೇ, ಸದರಿ ಮಣಿಕಂಠನ ಮೇಲೆ ಮಣಿಕಂಠ ಆದ ನನಗೂ ಹಕ್ಕು ಇರುತ್ತದೆ. ಹುಟ್ಟಿದಾಗಿನಿಂದ ಅವನು ನನ್ನ ಸ್ವಾಧೀನದಲ್ಲೇ ಇರುತ್ತಾನೆ. ಇಂದು ನಾಲ್ಕು ಗಂಟೆಗೆ ನನಗೆ ಅವನು ಬೇಕಾಗಿರುತ್ತಾನೆ. ಏಳು ದಿನದೊಳಗೆ ಸಲ್ಲಿಸಿರುತ್ತೇನೆ."

ಮಹೇಂದ್ರ ಕಾಗದದ ಹಿಂದೆ ಮುಂದೆ ನೋಡಿ, ಸ್ಟಾಂಪ್ ಇಲ್ಲ ಎಂದ. ಆಮೇಲೆ ನಕ್ಕ. "ಇದು ನಡಿಯಲ್ಲ ಲಕ್ಕಣ್ಣನೋರೇ. ಸ್ವತ್ತು ತಾನೇ ಎದ್ದು ಬಂದು ತಕರಾರು ಹಾಕಿದ್ರೆ ಹೆಂಗೆ? ನಾಳೆ ನಿಮ್ ಸೈಟೆಲ್ಲ ಅರ್ಜಿ ಹಿಡ್ಕೊಂಡು ಬರ್ತವೆ."

ಬಾಲರಾಜು ನಕ್ಕ, ಮೇಷ್ಟ್ರ ಸೀಟಿಯೂ ಅಲುಗಿತು. ಲಕ್ಕಣ್ಣ ಹಳೆಯ ಅಭ್ಯಾಸದಿಂದ ನನ್ನ ಕಡೆ ತಿರುಗಿ, ನೀನೇನಂತೀಯ ಚಿಕ್ಕಪ್ಪ, ಹಿಂದೆ ಎಲ್ಲಾದ್ರೂ ಇಂಥದ್ದು ನಡೆದಿತ್ತಾ ಎಂದ.

ನನ್ನನ್ನು ಇಂಥ ಪ್ರಶ್ನೆ ಕೇಳಬಾರದು. ನನಗೆ ನೆನಪು ಹೆಚ್ಚು. ಹೇಳಿದರೆ ಬಾಲರಾಜನ ಮುಂದೆ ಅವನ ಮಾನ ಹೋಗುತ್ತದೆ, ಹೇಳದಿದ್ದರೆ ಹುಡುಗನ ನಾಲ್ಕು ಗಂಟೆ ಹೋಗುತ್ತದೆ. ಶಾಮಿಯಾನದ ಕಂಬವನ್ನು ಒಂದು ಗಳಿಗೆ ನೋಡಿದೆ. ಆಮೇಲೆ ಹೇಳಿದೆ.

"ನಡೆದಿತ್ತು ಕಣೋ ಲಕ್ಕಣ್ಣ. ನೀನು ಕೂತಿರೋ ಈ ಜಾಗದಾಗೇ. ಆಗ ಇದು ರಾಗಿ ಹೊಲ. ಹೊಲ ಬೇರೆಯೋರ್ದು, ನಿಮ್ಮಪ್ಪ ಗೇಣಿಗೆ ಉಳ್ತಿದ್ದ. ಯಾರು ಉಳ್ತಾರೋ ಅವ್ರು ಅರ್ಜಿ ಹಾಕ್ಕೊಳ್ಳಿ ಅಂತ ಸರ್ಕಾರ ಹೇಳ್ತು. ಫಾರಂ ಏಳು. ನಿಮ್ಮಪ್ಪಂಗೆ ಬರೆಯಾಕೆ ಬರ್ತಿರಲಿಲ್ಲ, ನಾನೇ ತುಂಬಿದ್ದು. ಆ ಯಜಮಾನ್ರ ಗುಮಾಸ್ತ ಅದನ್ನ ನೋಡಿ ನಕ್ಕ. ಇವತ್ತು ಇವ್ನು ಹಾಕ್ದ, ನಾಳೆ ಇವನ ಎತ್ತು ಹಾಕ್ತದೆ ಅಂದ. ನಿಮ್ಮಪ್ಪನೂ ಇಂಗೇ, ಈ ಹುಡುಗನ ತರ ಕೈ ಕಟ್ಕೊಂಡು ನಿಂತಿದ್ದ."

ಗಂಗರತ್ನಮ್ಮ ಎದ್ದು ಒಳಗೆ ಹೋದಳು. ಬರುವಾಗ ದೇವರ ಮನೆಯ ಆ ಗಾಜಿನ ಕಟ್ಟು ಅವಳ ಕೈಯಲ್ಲಿತ್ತು. ಒದ್ದೆ ಸೆರಗಿನಿಂದ ಗಾಜನ್ನು ಒಂದು ಸಲ ಒರೆಸಿದಳು. ಐವತ್ತು ವರ್ಷದ ಅರಿಶಿನ ಒಂದೇ ಸಲಕ್ಕೆ ಹೋಗುವುದಿಲ್ಲ, ಇನ್ನೊಂದು ಸಲ ಒರೆಸಿದಳು. ಭೂ ನ್ಯಾಯಮಂಡಳಿಯ ಆದೇಶ. ಗೇಣಿದಾರ ಮುನಿವೆಂಕಟಯ್ಯ.

ಬಾಲರಾಜು ಕತ್ತು ಚಾಚಿ ಓದಿ, "ಕೆಂಪೇಗೌಡ್ರ ಕಾಲದ್ದು ಅಂತಿದ್ರಲ್ಲ ಭಾವ" ಎಂದ.

ಲಕ್ಕಣ್ಣ ಎದ್ದು ಒಳಗೆ ಹೋದ. ಇನ್ನು ನನ್ನ ಜೊತೆ ಮಾತು ಬಿಟ್ಟ ಎಂದುಕೊಂಡೆ. ಮಣಿಕಂಠ ಮೆಟ್ಟಿಲ ಕಡೆ ಹೆಜ್ಜೆ ಇಟ್ಟ. ಅಷ್ಟರಲ್ಲಿ ಲಕ್ಕಣ್ಣ ಹೊರಗೆ ಬಂದ, ಕೈಯಲ್ಲಿ ಕಾರಿನ ಕೀ.

"ಏಯ್ ಮಣಿ, ಎಲ್ಲೋ ಹೋಗ್ತೀಯ? ಎರಡೂವರೆ ಆಯ್ತು. ಹೆಬ್ಬಾಳ ದಾಟೋದು ಯಾವಾಗ, ಹತ್ತು."

ಪಂದ್ಯ ಆರ್.ಟಿ. ನಗರದ ಮೈದಾನದಲ್ಲಿ. ಲಕ್ಕಣ್ಣ ಹೊರಟದ್ದು ಅವನೊಬ್ಬನನ್ನೇ ಕರೆದುಕೊಂಡು. ಆದರೆ ತಮ್ಮ ತಮ್ಮ ಭಾಗವನ್ನು ಬಿಟ್ಟು ಹಿಂದೆ ಉಳಿಯಲು ಯಾರಿಗೂ ಮನಸ್ಸಾಗಲಿಲ್ಲ. ಹಿಂದಿನ ಸೀಟಿನಲ್ಲಿ ನಡುವೆ ಮಣಿಕಂಠ, ಬಲಗಡೆ ಮೇಷ್ಟ್ರು, ಎಡಗಡೆ ಸೊಣ್ಣಮ್ಮ, ಅದರ ಹಿಂದಿನ ಸೀಟಿನಲ್ಲಿ ರತ್ನಕ್ಕ, ಮುಂದೆ ನಾನು, ನನ್ನ ಒತ್ತಿನಲ್ಲಿ ಬಾಲರಾಜು. ಸ್ವತ್ತಿನ ಚಕ್ಕುಬಂದಿ ಸರಿಯಾಗಿಯೇ ಇತ್ತು.

ಹೆಬ್ಬಾಳದ ಮೇಲ್ಸೇತುವೆಯ ಹತ್ತಿರ ಗಾಡಿಗಳು ನಿಂತುಬಿಟ್ಟಿದ್ದವು. ಭಾನುವಾರ ಯಾಕೆ ಎಂದು ಯಾರೂ ಕೇಳುವುದಿಲ್ಲ, ಅಲ್ಲಿ ಹಾಗೆಯೇ. ಮೂರು ಗಂಟೆಯಾಯಿತು, ಮೂರೂಕಾಲಾಯಿತು. ಬಾಲರಾಜು ತನ್ನ ಟ್ಯಾಂಕರುಗಳು ಇಲ್ಲಿ ಹೇಗೆ ನುಗ್ಗುತ್ತವೆ ಎಂದು ವಿವರಿಸಿದ. ಮಣಿಕಂಠನ ತೊಡೆ ಅದುರುತ್ತಿತ್ತು, ರತ್ನಕ್ಕನದೋ ಮೇಷ್ಟ್ರದೋ ಗೊತ್ತಿಲ್ಲ.

ಲಕ್ಕಣ್ಣ ಕನ್ನಡಿಯಲ್ಲಿ ಅವನನ್ನು ನೋಡಿದ. "ಓಡ್ತೀಯೇನೋ?"

"ಓಡ್ತೀನಣ್ಣ."

"ಮತ್ತೆ ಕೂತಿದ್ದೀಯಲ್ಲ, ಇಳಿ."

ಅವನು ತಾಯಿಯನ್ನು ದಾಟಿ ಬಾಗಿಲು ತೆಗೆದು ಇಳಿದ. ನಿಂತ ಕಾರುಗಳ ನಡುವೆ, ಬೈಕುಗಳ ಸಂದಿಯಲ್ಲಿ, ಒಂದು ಟೆಂಪೋದವನು ಕೈ ಚಾಚಿ ಬೈದರೆ ಅವನ ಕೈಗೆ ಸಿಗದ ಹಾಗೆ ಬಾಗಿ, ನಮ್ಮ ಕಣ್ಣೆದುರಿಗೇ ದೂರವಾದ. ಎಷ್ಟೋ ಹೊತ್ತಿನವರೆಗೆ ಬೆನ್ನ ಮೇಲಿನ ಅಕ್ಷರ ಕಾಣುತ್ತಿತ್ತು, ಈ ಸ್ವತ್ತು ಲಕ್ಕಣ್ಣನವರಿಗೆ ಸೇರಿದ್ದು. ಸೊಣ್ಣಮ್ಮ ಬುಟ್ಟಿಯಿಂದ ಹಿಡಿ ಹೂ ತೆಗೆದು ಕಿಟಕಿಯಿಂದ ಆ ಕಡೆ ಎಸೆದಳು. ಅದು ಪಕ್ಕದ ಬಸ್ಸಿನ ಕಂಡಕ್ಟರನ ಮೇಲೆ ಬಿತ್ತು, ಅವನು ಕಣ್ಣಿಗೊತ್ತಿಕೊಂಡ.

ಆ ಪಂದ್ಯವನ್ನು ಹಕ್ಕುದಾರರಲ್ಲಿ ಒಬ್ಬರೂ ನೋಡಲಿಲ್ಲ. ನಾಲ್ಕಾಯಿತು, ನಾಲ್ಕೂಮುಕ್ಕಾಲಾಯಿತು, ನಾವು ಸೇತುವೆಯ ಇಳಿಜಾರಿಗೆ ಬಂದಿದ್ದೆವು ಅಷ್ಟೇ. ಬಲಗಾಲು ಯಾರದೆಂದು ಯಾರೂ ಎತ್ತಲಿಲ್ಲ. ಮೇಷ್ಟ್ರು ಮಾತ್ರ ಆಗಾಗ, ಈಗ ಮೊದಲರ್ಧ ಮುಗಿದಿರುತ್ತೆ ಎಂದು ತಮಗೆ ತಾವೇ ಹೇಳಿಕೊಳ್ಳುತ್ತಿದ್ದರು.

ಐದಕ್ಕೆ ಲಕ್ಕಣ್ಣನ ಫೋನು ಬಡಿಯಿತು. ಗೊತ್ತಿಲ್ಲದ ನಂಬರು. ಕಾರಿನಲ್ಲಿ ಎಲ್ಲರಿಗೂ ಕೇಳುವ ಹಾಗೆ ಇಟ್ಟ. ಆ ಕಡೆಯಿಂದ ಗಂಭೀರವಾದ ಗಂಡಸಿನ ದನಿ. ತಾವು ಕಾರ್ಖಾನೆಯ ತಂಡದವರು, ಒಬ್ಬ ಹುಡುಗ ಒಬ್ಬನೇ ಹತ್ತೊಂಬತ್ತು ಪಾಯಿಂಟ್ ತಂದ, ಬೆನ್ನ ಮೇಲೆ ಈ ನಂಬರ್ ಇತ್ತು, ಅದಕ್ಕೆ ಫೋನ್ ಮಾಡಿದೆವು ಎಂದಿತು.

"ಆ ಹುಡುಗ ನಿಮಗೆ ಸೇರಿದ್ದು ಅಂತ ಬರೆದಿದೆ. ನಮ್ ತಂಡಕ್ಕೆ ಕೊಡ್ತೀರಾ ಸಾರ್?"

ಇಡೀ ವಾರ ಲಕ್ಕಣ್ಣ ಕಾದಿದ್ದು ಇದೇ ಮಾತಿಗೆ. ಸ್ವತ್ತನ್ನು ಕೇಳಿಕೊಂಡು ದೊಡ್ಡವರು ಬಂದಿದ್ದರು, ಬಾಲರಾಜು ಪಕ್ಕದಲ್ಲೇ ಕೂತು ಕೇಳುತ್ತಿದ್ದ. ಲಕ್ಕಣ್ಣ ಸ್ಟೇರಿಂಗ್ ಮೇಲೆ ಎರಡು ಸಲ ಬೆರಳು ಬಡಿದ.

"ನನ್ನನ್ ಏನ್ ಕೇಳ್ತೀರಾ ಸ್ವಾಮಿ" ಎಂದ. "ಅವನು ಅಲ್ಲೇ ಇದ್ದಾನಲ್ಲ, ಅವನ್ನೇ ಕೇಳಿ."

ಫೋನಿಟ್ಟ ಮೇಲೆ ಹಿಂದಿನ ಗಾಡಿಯವನು ಹಾರ್ನ್ ಹೊಡೆಯುವವರೆಗೆ ಮುಂದಿನ ದಾರಿ ಖಾಲಿಯಾದದ್ದು ಅವನಿಗೆ ಕಾಣಲಿಲ್ಲ.

ಮಣಿಕಂಠನಿಗೆ ಕೆಲಸವಾಯಿತು. ಲಕ್ಕಣ್ಣನ ತಂಡ ಎಂಟರಲ್ಲಿ ಏಳನೆಯದಾಗಿ ಲೀಗ್ ಮುಗಿಸಿತು. ದೇವರ ಮನೆಯ ಗಾಜಿಗೆ ಗಂಗರತ್ನಮ್ಮ ಈಗ ಕುಂಕುಮವನ್ನು ಮೂಲೆಗೆ ಇಡುತ್ತಾಳೆ, ಅಕ್ಷರ ಕಾಣುವ ಹಾಗೆ. ಕೆಂಪೇಗೌಡರ ಹೆಸರು ಆ ಮನೆಯಲ್ಲಿ ಮತ್ತೆ ಕೇಳಿಬರಲಿಲ್ಲ.

ಎಂಟು ತಿಂಗಳ ಮೇಲೆ ಮಣಿಕಂಠನ ಮದುವೆ ಪತ್ರಿಕೆ ಬಂತು. ಲಕ್ಕಣ್ಣ ಅದನ್ನು ಹಿಡಿದುಕೊಂಡು ನನ್ನ ಕಲ್ಲುಬೆಂಚಿಗೆ ಬಂದ. ಹಿಂಭಾಗದಲ್ಲಿ ಎಲ್ಲರೂ ಇದ್ದರು. ಸೊಣ್ಣಮ್ಮನ ಹೆಸರು ಎಲ್ಲಕ್ಕಿಂತ ಮೇಲೆ, ದಪ್ಪ ಅಕ್ಷರದಲ್ಲಿ. ಮೇಷ್ಟ್ರು, ರತ್ನಕ್ಕ. ಲಕ್ಕಣ್ಣನವರು, ಅದರ ಕೆಳಗೆ ಸಣ್ಣ ಅಕ್ಷರದಲ್ಲಿ, ತಂಡದ ಮಾಲೀಕರು. ಬಿಳಿ ಜಾಗ ತುಂಬಿತ್ತು. ಪತ್ರಿಕೆಯ ತೀರಾ ಕೆಳಗೆ ಹುಡುಗ ಇನ್ನೊಂದು ಸಾಲು ಹಾಕಿಸಿದ್ದ: ತಕರಾರಿದ್ದವರು ಏಳು ದಿನದೊಳಗೆ ತಿಳಿಸತಕ್ಕದ್ದು.

ಲಕ್ಕಣ್ಣ ಅದನ್ನು ಓದಿ ನಕ್ಕ, ನಾನೂ ನಕ್ಕೆ. ಆಮೇಲೆ ಅವನು ನಗು ನಿಲ್ಲಿಸಿ ಪತ್ರಿಕೆಯನ್ನು ಕಣ್ಣಿನ ಹತ್ತಿರ ತಂದ.

"ಚಿಕ್ಕಪ್ಪ, ಇದು ಬಂದು ಎಷ್ಟು ದಿನ ಆಯ್ತು?"

"ಐದು ದಿನ ಕಣೋ."

"ಹಂಗಾರೆ ಇನ್ನೂ ಎರಡು ದಿನ ಅದೆ" ಎಂದು ಒಂದು ಕಡೆ ಬೆರಳಿಟ್ಟು ತೋರಿಸಿದ. ಬಾಲರಾಜು, ಉದ್ಯಮಿಗಳು ಎಂಬುದು ಲಕ್ಕಣ್ಣನ ಹೆಸರಿಗಿಂತ ಒಂದು ಸಾಲು ಮೇಲಿತ್ತು.

ಮಹೇಂದ್ರನಿಗೆ ಫೋನು ಹೋಯಿತು. ತಕರಾರು ಅರ್ಜಿಗೆ ಸಾಕ್ಷಿಯ ಸಹಿ ಬೇಕು ಎಂದ. ನಾನು ಕನ್ನಡಕ ತರಲು ಒಳಗೆ ಎದ್ದೆ.